ತವರುಮನೆಯ ಅಟ್ಟದ ಮೇಲಿನ ಚಿತ್ರದ ವಹಿ

ಶಾಲೆಯೊಂದು ಸ್ಮರಣಸಂಚಿಕೆಯನ್ನು ಹೊರಡಿಸುವಾಗ ತನ್ನಲ್ಲಿ ಉಳಿದಿರುವ ಹಳೆಯ ಸಾಮಗ್ರಿಗಳನ್ನೆಲ್ಲ ಹುಡುಕಿ ತೆಗೆಯುವದು ವಾಡಿಕೆಯಾಗಿದೆ. ದಾಖಲೆಯ ಪುಸ್ತಕಗಳು ದೊರೆಯುತ್ತವೆ. ಪರೀಕ್ಷೆಯ ಫಲಿತಾಂಶಗಳು ದೊರೆಯುತ್ತವೆ. ವರ್ಗವರ್ಗವಾಗಿ ನಿಲ್ಲಿಸಿ ತೆಗೆಯಿಸಿದ ಛಾಯಾಚಿತ್ರಗಳೂ ದೊರೆಯುತ್ತವೆ. ಯಾರು ಯಾವ ವರ್ಷ ಸೇರಿದರು, ಯಾರು ಎಷ್ಟು ಅಂಕಗಳನ್ನು ಪಡೆದರು, ಯಾರು ಯಾರ ಮಗ್ಗುಲಲ್ಲಿ ನಿಂತಿದ್ದರು ಎಂಬುದನ್ನು ಇವುಗಳಿಂದ ಹೇಳಬಹುದು. ಆದರೆ ಇಲ್ಲಿ ಕಲಿತ ಹುಡುಗಿಯರು ತಮ್ಮ ಸ್ವಂತ ಕಣ್ಣುಗಳಿಂದ ಲೋಕವನ್ನು ಹೇಗೆ ಕಂಡರೆಂಬುದನ್ನು ತಿಳಿಯಬೇಕಾದರೆ ನೋಡಬೇಕಾದ ಕಾಗದವೇ ಬೇರೆ. ಅದು ಅವರ ಚಿತ್ರದ ವಹಿಯು. ಶಾಲೆಗಳಲ್ಲಿ ಅದು ಉಳಿಯುವದಿಲ್ಲ. ಮನೆಗಳಲ್ಲಿ ಉಳಿಯುವದೂ ಅಪರೂಪವೇ.

ಆ ವಹಿಯನ್ನು ಹುಡುಕಿ ತೆಗೆಯಬೇಕು, ಸಾವಧಾನವಾಗಿ ತೆರೆದು ನೋಡಬೇಕು, ಇಂದಿನ ಕೆಲಸಕ್ಕೆ ಬೇಕಾದುದನ್ನು ಅದರಿಂದ ಪಡೆಯಬೇಕು ಎಂಬುದೇ ಈ ಲೇಖನದ ಅಭಿಪ್ರಾಯವು. ಹಳೆಯದನ್ನು ಕಂಡು ನಿಟ್ಟುಸಿರು ಬಿಡುವದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಚಿತ್ರಕಾರ್ತಿಯಾದವಳಿಗೆ ಮಾತ್ರವೂ ಹೇಳುತ್ತಿಲ್ಲ. ಕಸೂತಿ ಹಾಕುವವಳು, ಕುಬಸ ಹೊಲಿಯುವವಳು, ಅಂಗಳದಲ್ಲಿ ರಂಗೋಲಿಯಿಡುವವಳು, ಶಿಕ್ಷಕಿಯಾಗಿ ಕರಿಹಲಗೆಯ ಮೇಲೆ ಮಕ್ಕಳಿಗೆ ಹೂವು ಹಣ್ಣು ಬರೆದು ತೋರಿಸುವವಳು, ಇವರೆಲ್ಲರೂ ಗೆರೆಯಿಂದಲೇ ಕೆಲಸ ಮಾಡುವವರು. ಒಂದು ದಿನ ಇವರಿಗೆ ಹೊಸದೇನೂ ಹೊಳೆಯದಂತಾಗುವದು. ಆಗ ಪೇಟೆಯ ನಮೂನೆಯ ಪುಸ್ತಕವನ್ನು ನೋಡುವರು. ಮೊಬೈಲಿನಲ್ಲಿ ಬೇರೆಯವರ ಚಿತ್ರಗಳನ್ನು ಹುಡುಕುವರು. ತಮ್ಮದೇ ಆದ ಒಂದು ನಮೂನೆಯ ಪುಸ್ತಕವು ತವರುಮನೆಯ ಅಟ್ಟದ ಮೇಲೆ ಇದ್ದೀತೆಂಬ ನೆನಪು ಮಾತ್ರ ಬರುವದಿಲ್ಲ.

ನಮ್ಮ ಕಡೆಯ ಹುಡುಗಿಯ ಮೊದಲ ಕಲಾಕೃತಿಯು ಕಾಗದದ ಮೇಲೆ ಹುಟ್ಟುವದಿಲ್ಲವೆಂಬುದನ್ನು ಇಲ್ಲಿ ಮೊದಲು ನೆನೆಯಬೇಕು. ಗುಡಗೇರಿಯು ಕುಂದಗೋಳ ತಾಲೂಕಿನ ಎರೆಭೂಮಿಯ ಊರು. ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಆ ಕರಿಯ ಮಣ್ಣನ್ನೇ ಹದಮಾಡಿ ಎತ್ತುಗಳನ್ನು ಮಾಡುವರು. ಮಕ್ಕಳ ಕೈಗೂ ಒಂದು ಮುದ್ದೆ ಮಣ್ಣು ಸಿಕ್ಕೇ ಸಿಕ್ಕುವದು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡಿ ಗುಲಗಂಜಿಗಳಿಂದ ಸಿಂಗರಿಸುವರು. ಮುಂಜಾನೆ ಅಂಗಳದಲ್ಲಿ ರಂಗೋಲಿ. ಶಾಲೆಗೆ ಹೋದ ಮೇಲೆ ಪಾಟಿಯ ಮೇಲೆ ಬಳಪದ ಚಿತ್ರ. ಇವುಗಳಲ್ಲಿ ಒಂದಾದರೂ ಉಳಿಯತಕ್ಕದ್ದಲ್ಲ. ಎತ್ತು ಮತ್ತು ಗುಳ್ಳವ್ವ ನೀರಿನಲ್ಲಿ ಕರಗುವವು. ರಂಗೋಲಿಯು ಹೊತ್ತು ಏರುವದರೊಳಗೆ ಕಾಲಡಿಯಲ್ಲಿ ಅಳಿಸುವದು. ಪಾಟಿಯನ್ನು ಮುಂದಿನ ಲೆಕ್ಕಕ್ಕಾಗಿ ಅಂಗೈಯಿಂದಲೇ ಒರೆಸುವರು.

ಇದೇ ಊರಿನ ಶಿಲಾಶಾಸನವೊಂದು ಕ್ರಿ. ಶ. ೧೦೭೬ರದಾಗಿದೆ. ಜೈನ ಬಸದಿಯ ಭೂಮಿಗೆ ಸಂಬಂಧಿಸಿದ ಮಾತನ್ನು ಅಂದಿನವರು ಕಲ್ಲಿನಲ್ಲಿ ಕೊರೆಯಿಸಿದ್ದರಿಂದ ಒಂಬೈನೂರು ವರ್ಷಗಳಿಗೂ ಮಿಕ್ಕಿದ ಮೇಲೆ ನಾವು ಅದನ್ನು ಅರಿಯಬಲ್ಲೆವು. ಭೂಮಿಯ ಲೆಕ್ಕಕ್ಕೆ ಕಲ್ಲು, ಹುಡುಗಿಯ ಗೆರೆಗೆ ಮಣ್ಣು ಎಂದು ಹಿರಿಯರನ್ನು ದೂರಬೇಕೆಂದು ಒಮ್ಮೆ ತೋರೀತು. ಆದರೆ ಹಾಗೆ ದೂರುವದು ನ್ಯಾಯವಲ್ಲ. ಮಣ್ಣಿನ ಎತ್ತು ಕರಗಿದರೂ ಮುಂದಿನ ವರ್ಷ ಅದೇ ಅಮಾವಾಸ್ಯೆಯು ತಪ್ಪದೆ ಬರುವದು. ಅದೇ ಕೈಗಳು ಅದೇ ಮಣ್ಣಿನಲ್ಲಿ ಮತ್ತೆ ಇಳಿಯುವವು. ಹೋದ ವರ್ಷದ ಎತ್ತಿನ ಕೋಡು ಮುರಿದದ್ದೇಕೆಂಬುದನ್ನು ಕೈಯು ಮರೆತಿರುವದಿಲ್ಲ. ರಂಗೋಲಿಯಂತೂ ದಿನದಿನವೂ ಮರಳಿ ಬರುವದು. ಅಂದಮೇಲೆ ತನ್ನ ಹಳೆಯ ಕೃತಿಗೆ ಮರಳುವ ಏರ್ಪಾಡು ಆ ಕಲೆಗಳಲ್ಲಿಯೇ ಕೂಡಿಬಂದಿತ್ತು. ಕಾಪಿಡುವ ಅಗತ್ಯವಿರಲಿಲ್ಲ, ಹಬ್ಬವೇ ಕಾಪಿಡುತ್ತಿತ್ತು.

ಕಾಗದದ ಮಾತು ಹಾಗಲ್ಲ. ಶಾಲೆಯಲ್ಲಿ ಬರೆದ ಚಿತ್ರಕ್ಕೆ ಮರಳಿ ಬರುವ ಹಬ್ಬವಿಲ್ಲ. ಐದನೆಯ ಇಯತ್ತೆಯಲ್ಲಿ ಬರೆದ ಬೇವಿನ ಗಿಡವನ್ನು ಎಂಟನೆಯ ಇಯತ್ತೆಯಲ್ಲಿ ಮತ್ತೊಮ್ಮೆ ಬರೆಯಿರೆಂದು ಯಾರೂ ಹೇಳುವದಿಲ್ಲ. ವಹಿಯು ತುಂಬಿತು, ಗುರುಗಳು ಸಹಿ ಮಾಡಿದರು, ವರ್ಷವು ಮುಗಿಯಿತು. ಪಠ್ಯಪುಸ್ತಕಗಳೊಡನೆ ಅದೂ ಕಟ್ಟಿನಲ್ಲಿ ಸೇರಿ ಅಟ್ಟವನ್ನೇರಿತು. ಅಲ್ಲಿಂದ ತಕ್ಕಡಿಗೆ ಬಂದು ರದ್ದಿಯಾಯಿತು. ಕಾಗದವು ಮಣ್ಣಿಗಿಂತ ಹೆಚ್ಚು ಕಾಲ ಉಳಿಯಬಲ್ಲದು. ಆದರೆ ಮಣ್ಣಿನ ಎತ್ತಿಗಿರುವ ಮರುಹುಟ್ಟು ಕಾಗದದ ಚಿತ್ರಕ್ಕಿಲ್ಲ. ಆದುದರಿಂದ ಅದನ್ನು ಕಾಪಿಡುವ ಹಾಗೂ ಅದಕ್ಕೆ ಮರಳುವ ಕೆಲಸವನ್ನು ನಾವೇ ಬುದ್ಧಿಪೂರ್ವಕವಾಗಿ ಮಾಡಬೇಕಾಗುವದು.

ಇಂಥ ಕಾಪಿಡುವಿಕೆಯು ನಮಗೆ ತೀರ ಹೊಸದೆಂದು ಯಾರೂ ತಿಳಿಯಬಾರದು. ಧಾರವಾಡದ ಸೀಮೆಯ ಕಸೂತಿಯನ್ನು ನೋಡಿರಿ. ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಂಡು ಹಾಕುವ ಕೆಲಸವಲ್ಲವಿದು. ಎಳೆಗಳನ್ನು ಎಣಿಸಿ ಎಣಿಸಿ ಹಾಕತಕ್ಕದ್ದು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದಲೇ ಗೋಪುರ, ತೇರು, ಆನೆಯಂಬಾರಿ, ನವಿಲು, ತೊಟ್ಟಿಲು, ತುಳಸಿಕಟ್ಟೆಗಳೆಲ್ಲ ಮೂಡಬೇಕು. ಗವಂತಿಯಲ್ಲಿ ಹೋದ ದಾರಿಯಿಂದಲೇ ಸೂಜಿಯು ಮರಳಿ ಬಂದು ಬಿಟ್ಟ ಜಾಗವನ್ನು ತುಂಬುವದು. ಹೀಗಾಗಿ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರವು ಕಾಣಿಸುವದು. ಇಷ್ಟೆಲ್ಲ ಲೆಕ್ಕವನ್ನು ಬಾಯಿಯಲ್ಲಿ ಹೇಳುವದು ಸುಲಭವಲ್ಲ. ಕಲಿಯುವಾಗ ಹಾಕಿದ ಒಂದು ತುಂಡು ಬಟ್ಟೆಯಿದ್ದರೆ ಅದೇ ಗುರುವು, ಅದೇ ಪುಸ್ತಕವು. ಸೀರೆಯ ಸೆರಗಿಗೆ ತೇರು ಬೇಕಾದಾಗ ಆ ತುಂಡನ್ನು ಬೆಳಕಿಗೆ ಹಿಡಿದು ಎಳೆ ಎಣಿಸಿದರೆ ಸಾಕು.

೨೦೦೬ರ ಸುಮಾರಿಗೆ ಈ ಕಸೂತಿಗೆ ಸರಕಾರದ ಭೌಗೋಲಿಕ ಗುರುತು ದೊರೆತು ನಾಡಿಗೆಲ್ಲ ಹೆಮ್ಮೆಯಾಯಿತು. ಆ ಗುರುತಿನ ಬೇರು ಯಾವ ಅರಮನೆಯಲ್ಲಿಯೂ ಇಲ್ಲ, ಹುಡುಗಿಯರು ಕಲಿಯುತ್ತ ಹಾಕಿದ ಇಂಥ ತುಂಡುಗಳಲ್ಲಿದೆ. ಕಲಿಕೆಯ ಕಾಲದ ಕೃತಿಯು ಪ್ರೌಢಕಾಲದ ಕೃತಿಗೆ ಆಕರವಾಗುವದೆಂಬುದನ್ನು ನಮ್ಮ ಅಜ್ಜಿಯರು ಸೂಜಿದಾರದಲ್ಲಿ ಅರಿತಿದ್ದರು. ಅದನ್ನೇ ಪೆನಸಿಲು ಕಾಗದಗಳಿಗೂ ಹೊಂದಿಸಿಕೊಳ್ಳಬೇಕೆಂಬುದಷ್ಟೇ ನಮ್ಮ ವಿನಂತಿಯು.

ಇನ್ನು ಹೊರಗಿನ ಲೋಕದ ಒಂದೆರಡು ನಿದರ್ಶನಗಳನ್ನು ನೋಡೋಣ. ೧೮೩೭ರಲ್ಲಿ ಧಾರವಾಡಕ್ಕೂ ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರ ಮೂಲಕ ಸ್ವಿಟ್ಝರ್ಲಂಡಿನ ಹೆಸರು ನಮ್ಮ ಜಿಲ್ಲೆಯವರಿಗೆ ಪರಿಚಿತವಾಗಿದೆ. ಅದೇ ದೇಶದ ಬರ್ನ್ ನಗರದ ಹತ್ತಿರ ೧೮೭೯ರಲ್ಲಿ ಪಾವುಲ್ ಕ್ಲೇ ಎಂಬ ಚಿತ್ರಕಾರನು ಹುಟ್ಟಿದನು. ಅವನಿಗೆ ಎಳವೆಯಲ್ಲಿ ಬಣ್ಣದ ಕಡ್ಡಿಗಳನ್ನು ಕೊಟ್ಟು ಚಿತ್ರಕ್ಕೆ ಹಚ್ಚಿದವಳು ಅವನ ಅಜ್ಜಿ. ಪ್ರಾಯಕ್ಕೆ ಬಂದ ಮೇಲೆ ಅವನು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಚಿತ್ರವಿದ್ಯೆಯನ್ನು ಕಲಿತನು. ಇಟಲಿಗೆ ಹೋಗಿ ಹಳೆಯ ಮಹಾಶಿಲ್ಪಿಗಳ ಹಾಗೂ ಚಿತ್ರಕಾರರ ಕೃತಿಗಳನ್ನು ನೋಡಿದನು. ನೋಡಿದಷ್ಟೂ ತನ್ನದು ಎನ್ನುವದು ಯಾವದೂ ಇಲ್ಲವೆಂದು ಅವನಿಗೆ ಅನ್ನಿಸತೊಡಗಿತು. ಹೀಗಿರಲು ೧೯೦೨ರಲ್ಲಿ ತಾಯ್ತಂದೆಗಳ ಮನೆಗೆ ಮರಳಿದಾಗ ತಾನು ಚಿಕ್ಕಂದಿನಲ್ಲಿ ಬರೆದ ಚಿತ್ರಗಳು ಅವನ ಕೈಗೆ ಸಿಕ್ಕವು. ಅಂದಿನವರೆಗೆ ತಾನು ಮಾಡಿದ್ದರಲ್ಲೆಲ್ಲ ಇವೇ ಮಹತ್ವದವೆಂದು ಅವನು ತಾನು ಮದುವೆಯಾಗಲಿದ್ದ ಲಿಲಿಗೆ ಪತ್ರ ಬರೆದು ತಿಳಿಸಿದನು.

ಇದು ಕ್ಷಣದ ಉಬ್ಬರವಾಗಿರಲಿಲ್ಲ. ೧೯೧೧ರಲ್ಲಿ ಅವನು ತನ್ನ ಕೃತಿಗಳ ಯಾದಿಯನ್ನು ಬರೆಯತೊಡಗಿದಾಗ ಅದರ ಆರಂಭದಲ್ಲಿ ಬಾಲ್ಯದ ಚಿತ್ರಗಳಲ್ಲಿ ಆಯ್ದ ಕೆಲವನ್ನು ಕ್ರಮವಾಗಿ ಸೇರಿಸಿದನು. ವಿದ್ಯಾರ್ಥಿದೆಶೆಯ ಅಭ್ಯಾಸಚಿತ್ರಗಳಲ್ಲಿ ಹೆಚ್ಚಿನವನ್ನಾದರೋ ಬಿಟ್ಟುಬಿಟ್ಟನು. ಅವು ಅಚ್ಚುಕಟ್ಟಾಗಿದ್ದರೂ ಇನ್ನೊಬ್ಬರು ಹೇಳಿದ್ದರಿಂದ ಬರೆದವುಗಳಾಗಿದ್ದವು. ಮುಂದೆ ಅವನು ೧೯೨೧ರಿಂದ ೧೯೩೧ರವರೆಗೆ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯಲ್ಲಿ ಗುರುವಾಗಿದ್ದನು. ೧೯೪೦ರಲ್ಲಿ ತೀರಿಕೊಳ್ಳುವದರೊಳಗೆ ಒಂಬತ್ತು ಸಾವಿರಕ್ಕಿಂತ ಹೆಚ್ಚು ಚಿತ್ರಗಳನ್ನು ಬರೆದನು. ಇವುಗಳಲ್ಲಿ ಮಗುವಿನ ಗೆರೆಯ ಸರಳತೆಯುಂಟು. ಅದರೊಡನೆ ಕಲಿತ ಕೈಯ ನಿಯಮವೂ ಉಂಟು. ಅವನು ಮತ್ತೆ ಮಗುವಾಗಲಿಲ್ಲ. ಮಗುವಿದ್ದಾಗ ತಾನು ಏನನ್ನು ಹುಡುಕುತ್ತಿದ್ದನೆಂಬುದನ್ನು ಮಾತ್ರ ಅರಿತುಕೊಂಡನು. ಆ ಕಾಗದಗಳನ್ನು ಮನೆಯವರು ಎಸೆದಿದ್ದರೆ ಈ ಅರಿವು ಎಲ್ಲಿಂದ ಬರಬೇಕಾಗಿತ್ತು?

ಎರಡನೆಯವಳು ಇಂಗ್ಲಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬ ಮಹಿಳೆಯು. ೧೮೬೬ರಲ್ಲಿ ಹುಟ್ಟಿದ ಇವಳನ್ನು ಮನೆಯವರು ಶಾಲೆಗೆ ಕಳಿಸಲಿಲ್ಲ. ಮನೆಪಾಠದ ಶಿಕ್ಷಕಿಯರಿಂದಲೇ ಕಲಿತಳು. ಎಂಟು ಒಂಬತ್ತು ವರ್ಷದವಳಿದ್ದಾಗ, ಅಂದರೆ ೧೮೭೫ರಲ್ಲಿ, ಕಂಬಳಿಹುಳಗಳನ್ನು ನೋಡಿ ನೋಡಿ ಬರೆದ ಅವಳ ವಹಿಯು ಇಂದಿಗೂ ಉಳಿದಿದೆ. ೧೮೯೩ರಲ್ಲಿ ಅವಳು ತನ್ನ ಹಿಂದಿನ ಶಿಕ್ಷಕಿಯ ಮಗನಾದ ನೋಯೆಲ್ ಎಂಬ ಬಾಲಕನು ಕಾಯಿಲೆ ಬಿದ್ದಿರುವನೆಂದು ತಿಳಿದು ಅವನಿಗೊಂದು ಪತ್ರ ಬರೆದಳು. ಪತ್ರದ ತುಂಬ ಒಂದು ಮೊಲದ ಕಥೆ, ನಡುನಡುವೆ ಪೆನ್ನಿನಿಂದ ಬರೆದ ಚಿತ್ರಗಳು. ಏಳು ವರ್ಷಗಳ ಮೇಲೆ ಆ ಶಿಕ್ಷಕಿಯೇ, ಈ ಪತ್ರಗಳಿಂದ ಪುಸ್ತಕವನ್ನೇಕೆ ಮಾಡಬಾರದೆಂದು ಸೂಚಿಸಿದಳು. ಹುಡುಗನು ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದನು. ಅವಳು ಅದನ್ನು ಅವನಿಂದ ಕಡ ತಂದು ಪ್ರತಿ ಮಾಡಿಕೊಂಡಳು.

ಪ್ರಕಾಶಕರು ಮೊದಲು ಒಪ್ಪಲಿಲ್ಲ. ೧೯೦೧ರ ಡಿಸೆಂಬರಿನಲ್ಲಿ ಅವಳು ಸ್ವಂತ ಹಣದಿಂದ ೨೫೦ ಪ್ರತಿಗಳನ್ನು ಅಚ್ಚು ಹಾಕಿಸಿದಳು. ೧೯೦೨ರಲ್ಲಿ ವಾರ್ನ್ ಎಂಬ ಪ್ರಕಾಶಕರು ಬಣ್ಣದ ಚಿತ್ರಗಳೊಡನೆ ಅದನ್ನು ಹೊರತಂದರು. ಪೀಟರ್ ಎಂಬ ಆ ಮೊಲವನ್ನು ಅರಿಯದ ಮಕ್ಕಳು ಇಂದು ಇಂಗ್ಲಿಷ್ ಓದುವ ಯಾವ ನಾಡಿನಲ್ಲಿಯೂ ವಿರಳ. ಆ ಪತ್ರವು ಬಾಲ್ಯದ ಕೃತಿಯಲ್ಲವೆಂಬುದು ನಿಜ. ಬರೆದಾಗ ಅವಳಿಗೆ ಇಪ್ಪತ್ತೇಳು ವರ್ಷ. ಆದರೆ ನಾವು ಗಮನಿಸತಕ್ಕ ಸಂಗತಿಯು ಬೇರೆಯಾಗಿದೆ. ಬರೆದವಳು ಅದನ್ನು ದೊಡ್ಡ ಕೃತಿಯೆಂದು ಎಣಿಸಿರಲಿಲ್ಲ. ಕಾಪಿಟ್ಟವನು ಒಬ್ಬ ಚಿಕ್ಕ ಹುಡುಗನು. ಅದರ ಬೆಲೆಯನ್ನು ಕಂಡುಹಿಡಿದವಳು ಒಬ್ಬ ಶಿಕ್ಷಕಿಯು. ಹಳೆಯ ಚಿತ್ರವೊಂದು ಬದುಕಿ ಬರಬೇಕಾದರೆ ಮೂರು ಜನರ ಪ್ರೀತಿಯು ಕೂಡಬೇಕಾಯಿತು.

ಮೂರನೆಯವರು ನಮ್ಮ ಮೈಸೂರಿನವರೇ. ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರು ೧೯೨೧ರಲ್ಲಿ ಅಲ್ಲಿ ಹುಟ್ಟಿದರು. ಎಳವೆಯಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳೇ ಅವರ ಕಾಗದವಾಗಿದ್ದವು. ಶಾಲೆಯಲ್ಲಿ ಅವರು ಬರೆದ ಅರಳಿಯ ಎಲೆಯನ್ನು ಗುರುಗಳು ಮೆಚ್ಚಿದ್ದು ತಮ್ಮ ಮೇಲೆ ಬಹಳ ಪರಿಣಾಮ ಮಾಡಿತೆಂದು ಅವರು ಮುಂದೆ ನೆನೆದರು. ಹಿತ್ತಲಿನ ಕಾಗೆಗಳನ್ನು ಅವರು ಬಾಲ್ಯದಲ್ಲಿ ಎಡೆಬಿಡದೆ ನೋಡಿ ಬರೆಯುತ್ತಿದ್ದರು. ತಾರುಣ್ಯದಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಪ್ರವೇಶ ದೊರೆಯಲಿಲ್ಲ. ಆದರೂ ಅವರು ನಾಡಿನ ಹೆಸರಾಂತ ವ್ಯಂಗ್ಯಚಿತ್ರಕಾರರಾದರು. ಅವರ ಶ್ರೀಸಾಮಾನ್ಯನು ದಶಕಗಳ ಕಾಲ ದಿನಪತ್ರಿಕೆಯ ಮೊದಲ ಪುಟದಲ್ಲಿ ನಿಂತನು. ಇಷ್ಟು ಕೀರ್ತಿ ಬಂದ ಮೇಲೂ ಅವರು ಕಾಗೆಯನ್ನು ಬಿಡಲಿಲ್ಲ. ರಾಜಕಾರಣದ ಚಿತ್ರಗಳ ನಡುವೆ ಬಿಡುವು ಮಾಡಿಕೊಂಡು ಕಾಗೆಗಳನ್ನು ಬರೆದರು; ಅವುಗಳದೇ ಪ್ರದರ್ಶನಗಳನ್ನೂ ಏರ್ಪಡಿಸಿದರು. ೨೦೧೫ರಲ್ಲಿ ಅವರು ತೀರಿಕೊಂಡರು. ಗೋಡೆಯ ಮೇಲಿನ ಚಿತ್ರಗಳಾವವೂ ಉಳಿಯದಿದ್ದರೂ ಬಾಲ್ಯದ ವಸ್ತುವು ಕಡೆಯವರೆಗೆ ಅವರ ಸಂಗಡ ಬಂದಿತು.

ಈ ಮೂವರ ಜೀವನದಿಂದ ಒಂದೇ ಮಾತು ಹೊರಡುತ್ತದೆ. ಹಳೆಯ ಚಿತ್ರದ ಬೆಲೆಯು ಅದರ ಅಂದದಲ್ಲಿಲ್ಲ. ಅದನ್ನು ಬರೆದವರು ಯಾರ ಅಪ್ಪಣೆಯೂ ಇಲ್ಲದೆ ಏನನ್ನು ಆರಿಸಿಕೊಂಡರೆಂಬುದರಲ್ಲಿದೆ. ದೊಡ್ಡವರಾದ ಮೇಲೆ ನಮ್ಮ ಆಯ್ಕೆಗಳಿಗೆ ನೂರು ಯಜಮಾನರು ಹುಟ್ಟುವರು. ಗಿರಾಕಿಯು ಏನೆಂದಾಳು, ಪರೀಕ್ಷಕರು ಏನೆಂದಾರು, ನೆರೆಯವರು ನಕ್ಕಾರೇ ಎಂಬ ವಿಚಾರವು ಗೆರೆಗಿಂತ ಮೊದಲು ಬಂದು ಕುಳಿತಿರುವದು. ಒಂಬತ್ತು ವರ್ಷದ ಹುಡುಗಿಗೆ ಈ ಅಂಜಿಕೆಗಳಿಲ್ಲ. ಅವಳಿಗೆ ಕೈಯ ಶಕ್ತಿ ಸಾಲದು. ಆದರೆ ತನಗೆ ಏನು ಬೇಕೆಂಬುದು ಅವಳಿಗೆ ಗೊತ್ತಿದೆ. ನಮಗೆ ಕೈಯುಂಟು, ಬೇಕೆಂಬುದು ಮರೆತುಹೋಗಿದೆ. ಇಬ್ಬರೂ ಒಂದು ಮೇಜಿಗೆ ಕೂಡಿ ಕುಳಿತರೆ ಇಬ್ಬರಿಗೂ ಲಾಭವು.

ಗುಡಗೇರಿಯ ಒಬ್ಬ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೇಲ್ವೆಯು ಅವಳ ಊರಿನ ಸ್ಟೇಶನ್ನನ್ನು ದಾಟಿ ಹೋಗುತ್ತದೆ. ಅವಳು ತನ್ನ ವಹಿಯ ಎರಡು ಪುಟಗಳ ಉದ್ದಕ್ಕೂ ಒಂದು ರೇಲು ಬರೆದಿರುವಳು. ಕಿಟಕಿಗೊಂದು ತಲೆ, ಕಡೆಯ ಕಿಟಕಿಯು ಮಾತ್ರ ಬರಿದು. ಹಿನ್ನೆಲೆಯಲ್ಲಿ ಹತ್ತಿಯ ಹೊಲವು ಬಿಳಿಯ ಚುಕ್ಕೆಗಳಾಗಿ ಹರಡಿದೆ. ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪು, ಬಣ್ಣದ ಕಡ್ಡಿಯು ಮುರಿಯುವಷ್ಟು ಒತ್ತಿ ತುಂಬಿದ್ದು. ಗಾಲಿಗಳು ಗುಂಡಗಿಲ್ಲ. ಗುರುಗಳು ಗಾಲಿಯನ್ನು ತಿದ್ದಿ ಹತ್ತಕ್ಕೆ ಐದು ಕೊಟ್ಟಿರುವರು. ಇಪ್ಪತ್ತು ವರ್ಷಗಳ ಮೇಲೆ ಇದೇ ಹುಡುಗಿಯು ಕುಬಸ ಹೊಲಿಯುವವಳಾಗಿ, ಅಂಚಿಗೊಂದು ಹೊಸ ನಮೂನೆ ಬೇಕೆಂದು ತಡಕಾಡುತ್ತಿರುವಾಗ ಈ ಪುಟವು ಸಿಕ್ಕಿತೆನ್ನಿರಿ. ಸಾಲಾದ ಮನೆಗಳು, ಮನೆಗೊಂದು ಚುಕ್ಕೆ, ಕಡೆಯದು ಬರಿದು: ಇದಕ್ಕಿಂತ ಒಳ್ಳೆಯ ಅಂಚು ಯಾವ ಪೇಟೆಯಲ್ಲಿ ದೊರೆತೀತು? ಕರಿಯ ಬಟ್ಟೆಯ ಮೇಲೆ ಬಿಳಿಯ ಚುಕ್ಕೆ, ಅದರ ಬದಿಗೆ ಒತ್ತಾದ ಕೆಂಪು: ಎರೆಹೊಲದ ಬಣ್ಣಗಳೆಲ್ಲ ಅಲ್ಲಿಯೇ ಇವೆ. ಬರಿದಾದ ಕಿಟಕಿಯಲ್ಲಿ ಕೂಡ್ರಬೇಕಾದವರು ಯಾರಿದ್ದರೆಂಬುದು ಅವಳೊಬ್ಬಳಿಗೇ ಗೊತ್ತು. ಆ ಗುಟ್ಟೇ ನಮೂನೆಗೆ ಜೀವವನ್ನು ತರುವದು.

ಹಾಗಾದರೆ ಹಳೆಯ ವಹಿಯನ್ನು ನೋಡುವ ಕ್ರಮವೇನು? ಮೊದಲನೆಯದಾಗಿ, ಗುರುಗಳು ಹೇಳಿ ಬರೆಯಿಸಿದ ಪುಟಗಳಿಗಿಂತ ಅಂಚಿನಲ್ಲಿಯೂ ಬೆನ್ನಪುಟದಲ್ಲಿಯೂ ತಾನಾಗಿ ಬರೆದುದನ್ನು ಹೆಚ್ಚು ಗಮನಿಸಬೇಕು. ಗಣಿತದ ವಹಿಯ ಕಡೆಯ ಹಾಳೆಯಲ್ಲಿ ಎಷ್ಟೋ ಸಾರೆ ಚಿತ್ರದ ವಹಿಗಿಂತ ಒಳ್ಳೆಯ ಚಿತ್ರಗಳಿರುವವು. ಎರಡನೆಯದಾಗಿ, ಮತ್ತೆ ಮತ್ತೆ ಬಂದ ವಸ್ತು ಯಾವದೆಂದು ನೋಡಬೇಕು. ಮೂರು ವರ್ಷಗಳ ವಹಿಗಳಲ್ಲಿಯೂ ಬಾವಿಯೊಂದು ಬಂದಿದ್ದರೆ ಆ ಬಾವಿಯಲ್ಲಿ ಇನ್ನೂ ನೀರಿದೆಯೆಂದು ತಿಳಿಯಬೇಕು. ಮೂರನೆಯದಾಗಿ, ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವು ಹರಿದ ಜಾಗವನ್ನು ನೋಡಬೇಕು. ಆಗ ಬಾರದಿದ್ದುದು ಈಗ ಬಂದೀತು. ನಾಲ್ಕನೆಯದಾಗಿ, ಹಳೆಯ ಪುಟದ ಮೇಲೆ ಒಂದು ಗೆರೆಯನ್ನೂ ತಿದ್ದಬಾರದು. ಹೊಸ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ಅದೇ ವಸ್ತುವನ್ನು ಇಂದಿನ ಕೈಯಿಂದ ಬರೆಯಬೇಕು.

ಇದಕ್ಕೆ ಕೆಲವರು ಆಕ್ಷೇಪವೆತ್ತುವರು. ಮಕ್ಕಳ ಗೀಚುಗಳನ್ನೆಲ್ಲ ಕಲೆಯೆಂದು ಹೊಗಳುವದು ಒಂದು ಹೊಸ ಹುಚ್ಚು, ಅದರಿಂದ ಅಭ್ಯಾಸದ ಶಿಸ್ತು ಹೋಗುವದು ಎಂದು ಅವರ ವಾದವು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಂಬಯಿ ಇಲಾಖೆಯ ಕಾಲದಲ್ಲಿ ನಮ್ಮ ಹಿರಿಯ ವಿದ್ಯಾರ್ಥಿನಿಯರು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲೆಯ ಪರೀಕ್ಷೆಗಳಿಗೆ ಕುಳಿತರು. ೧೯೫೬ರಲ್ಲಿ ಈ ಭಾಗವು ಕನ್ನಡ ರಾಜ್ಯದಲ್ಲಿ ಸೇರಿದ ಮೇಲಿನವರು ಲೋವರ್, ಹಾಯರ್ ಗ್ರೇಡುಗಳಿಗೆ ಕುಳಿತರು. ತಂಬಿಗೆಯ ಬಾಯಿ ಅಂಡಾಕಾರವಾಗಿ ಕಾಣುವದೇಕೆಂಬುದನ್ನು ಆ ಅಭ್ಯಾಸವೇ ಕಲಿಸಿತು. ಅದನ್ನು ಹೀಗಳೆಯುವದು ಕೃತಘ್ನತೆಯಾದೀತು. ಪಾವುಲ್ ಕ್ಲೇಯೂ ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೇಲೆಯೇ ಬಾಲ್ಯದ ಚಿತ್ರಗಳನ್ನು ಓದಬಲ್ಲವನಾದನು. ಅಭ್ಯಾಸಪುಸ್ತಕವು ಕೈಯನ್ನು ಕೊಟ್ಟಿತು. ಅಂಚಿನ ಗೀಚು ಮನಸ್ಸನ್ನು ಉಳಿಸಿಕೊಂಡಿತು. ಒಂದನ್ನು ಚೌಕಟ್ಟಿನಲ್ಲಿಟ್ಟು ಇನ್ನೊಂದನ್ನು ರದ್ದಿಗೆ ಹಾಕುವದು ತಪ್ಪೆಂಬುದಷ್ಟೇ ನಮ್ಮ ಮಾತು.

ಹಳೆಯದಕ್ಕೆ ಜೋತುಬಿದ್ದರೆ ಮುಂದೆ ಹೋಗುವದು ಹೇಗೆಂಬುದು ಇನ್ನೊಂದು ಆಕ್ಷೇಪವು. ಹಳೆಯ ಚಿತ್ರವನ್ನೇ ಮತ್ತೆ ಮತ್ತೆ ನಕಲು ಮಾಡುತ್ತ ಕುಳಿತವಳಿಗೆ ಈ ಮಾತು ಸಲ್ಲುವದು. ಬಿಯಾಟ್ರಿಕ್ಸ್ ಪಾಟರಳು ಪತ್ರವನ್ನು ಇದ್ದಂತೆಯೇ ಅಚ್ಚು ಹಾಕಿಸಲಿಲ್ಲ. ಕಥೆಯನ್ನು ಬೆಳೆಯಿಸಿದಳು, ಚಿತ್ರಗಳನ್ನು ಹೆಚ್ಚಿಸಿದಳು. ಬೀಜದ ಜೋಳವನ್ನು ಕಾಪಿಡುವದು ನೋಡುತ್ತ ಕೂಡ್ರುವದಕ್ಕಲ್ಲ, ಬಿತ್ತುವದಕ್ಕೆ. ಹಳೆಯ ವಹಿಯನ್ನೂ ಅದೇ ಭಾವದಿಂದ ಕಾಪಿಡಬೇಕು.

ಈಗ ಈ ಲೇಖನದ ಮುಖ್ಯವಾದ ನೋವಿನ ಮಾತಿಗೆ ಬರೋಣ. ಗಂಡುಮಗನ ವಹಿಯು ಹುಟ್ಟಿದ ಮನೆಯಲ್ಲಿ ಅವನ ಸಂಗಡವೇ ಇರುವದು. ಹೆಣ್ಣುಮಗಳಾದರೋ ಮನೆಯನ್ನು ಬದಲಿಸುವವಳು. ಮದುವೆಯಾಗಿ ಹೋಗುವಾಗ ಸೀರೆ, ಪಾತ್ರೆ, ಆಭರಣಗಳ ಯಾದಿಯನ್ನು ಹತ್ತು ಸಾರೆ ನೋಡುವರು. ಚಿತ್ರದ ವಹಿಯನ್ನು ಆ ಯಾದಿಯಲ್ಲಿ ಯಾರೂ ಬರೆಯುವದಿಲ್ಲ. ಅದು ತವರಿನ ಅಟ್ಟದ ಮೇಲೆ ಉಳಿಯುವದು. ಕೆಲವು ವರ್ಷಗಳ ಮೇಲೆ ಮನೆಗೆ ಸುಣ್ಣ ಹಚ್ಚುವಾಗಲೋ ಹಂಚು ತೆಗೆಯುವಾಗಲೋ ಅಟ್ಟವು ಬರಿದಾಗುವದು. ಯಾರೂ ಕೆಟ್ಟ ಮನಸ್ಸಿನಿಂದ ಎಸೆಯುವದಿಲ್ಲ. ಅವಳಿಗೆ ಇನ್ನು ಇದೇಕೆ ಬೇಕು ಎಂದು ಸಹಜವಾಗಿ ತಿಳಿಯುವರು. ಹೀಗೆ ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳ ಗೆರೆಯು ಹತ್ತನೆಯ ಇಯತ್ತೆಗೆ ತುಂಡಾಗುವದೋ ಎಣಿಸಿದವರಾರು? ಮುಂದೆ ಮಕ್ಕಳು ಶಾಲೆಗೆ ಹೋಗತೊಡಗಿ, ಮಧ್ಯಾಹ್ನದ ಒಂದು ಗಳಿಗೆ ಬಿಡುವಾದಾಗ, ಏನಾದರೂ ಬರೆಯೋಣವೆಂಬ ಆಸೆಯು ಅವಳಿಗೆ ಹುಟ್ಟುವದುಂಟು. ಆಗ ಎಲ್ಲಿಂದ ಮುಂದುವರಿಯಬೇಕೆಂಬುದಕ್ಕೆ ಒಂದು ಗುರುತೂ ಇರುವದಿಲ್ಲ. ತನಗೆ ಚಿತ್ರವೇ ಬರುತ್ತಿರಲಿಲ್ಲವೆಂದು ಅವಳು ನಂಬಿಬಿಡುವಳು. ಅವಳು ಬರೆಯುತ್ತಿದ್ದಳೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯು ತಕ್ಕಡಿಯಲ್ಲಿ ತೂಗಿಹೋಗಿರುವದು.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿನಂತಿ. ಮಗಳಿಗಾಗಿ ಒಂದು ಚಿಕ್ಕ ಟ್ರಂಕನ್ನು ತೆಗೆದಿಡಿರಿ. ಎಲ್ಲವನ್ನೂ ಇಡಬೇಕಾಗಿಲ್ಲ, ವರ್ಷಕ್ಕೆ ಹತ್ತು ಹಾಳೆಗಳು ಸಾಕು. ಅವುಗಳನ್ನು ನೀವು ಆರಿಸಬೇಡಿರಿ, ಅವಳೇ ಆರಿಸಲಿ. ಬಹುಮಾನ ಬಂದವುಗಳನ್ನೇ ಇಡಬೇಕೆಂಬ ಹಟ ಬೇಡ. ಹಾಳೆಯ ಬೆನ್ನಿಗೆ ತಿಥಿಯನ್ನೂ ಅವಳ ವಯಸ್ಸನ್ನೂ, ಇದೇನೆಂದು ಕೇಳಿದಾಗ ಅವಳು ಹೇಳಿದ ಮಾತನ್ನೂ ಪೆನಸಿಲಿನಿಂದ ಬರೆದಿಡಿರಿ. ನಮ್ಮ ಎರೆಸೀಮೆಯಲ್ಲಿ ಮಳೆಗಾಲದ ತಂಪೂ ಗೆದ್ದಲೂ ಕಾಗದಕ್ಕೆ ವೈರಿಗಳು. ನೆಲಕ್ಕೆ ತಾಕದಂತೆ ಎತ್ತರದಲ್ಲಿಟ್ಟು, ಒಣಗಿದ ಬೇವಿನ ಎಲೆಗಳನ್ನು ಹಾಕಿ, ವರ್ಷಕ್ಕೊಮ್ಮೆ ಗಾಳಿಗೆ ಹರವಿದರೆ ಬಹುಕಾಲ ಉಳಿಯುವವು. ಮೊಬೈಲಿನಲ್ಲಿ ಛಾಯೆ ತೆಗೆದಿಟ್ಟುಕೊಳ್ಳುವದೂ ಒಳ್ಳೆಯದೇ. ಆದರೆ ಅದನ್ನೇ ನೆಚ್ಚಿ ಕಾಗದವನ್ನು ಎಸೆಯಬೇಡಿರಿ. ಒತ್ತಿ ಬರೆದ ಗೆರೆಯು ಹಾಳೆಯ ಬೆನ್ನಿಗೆ ಮೂಡಿಸಿದ ಉಬ್ಬು, ಉಜ್ಜಿ ಹರಿದ ಜಾಗ, ಇವು ಬೆರಳಿಗೆ ಮಾತ್ರ ತಿಳಿಯುವವು.

ಶಾಲೆಗಳಿಗೂ ಒಂದು ಮಾತು. ಕಪಾಟಿನ ಒಂದು ಅರೆಯನ್ನು ಇದಕ್ಕಾಗಿ ಬಿಟ್ಟುಕೊಡಬಹುದು. ಶಾಲೆ ಬಿಟ್ಟು ಹೋಗುವ ಪ್ರತಿಯೊಬ್ಬ ಹುಡುಗಿಯಿಂದ ಅವಳಿಗೆ ಪ್ರಿಯವಾದ ಒಂದು ಚಿತ್ರವನ್ನೋ ಒಂದು ಗೇಣು ಕಸೂತಿಯನ್ನೋ ಪಡೆದು, ಹೆಸರು ವರ್ಷಗಳೊಡನೆ ಇಟ್ಟರೆ, ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನಗಳಲ್ಲಿ ಭಾಷಣಗಳಿಗಿಂತ ಆ ಅರೆಯ ಮುಂದೆಯೇ ಹೆಚ್ಚು ಜನ ನೆರೆದಾರು. ಅಮ್ಮನು ಹನ್ನೆರಡನೆಯ ವಯಸ್ಸಿನಲ್ಲಿ ಬರೆದ ಚಿತ್ರವನ್ನು ಅದೇ ವಯಸ್ಸಿನ ಮಗಳು ನೋಡುವದು ಸಾಮಾನ್ಯವಾದ ಶಿಕ್ಷಣವಲ್ಲ. ತನ್ನಂತೆಯೇ ಅಮ್ಮನ ಗಾಲಿಯೂ ಗುಂಡಗಿರಲಿಲ್ಲವೆಂಬುದನ್ನು ಅವಳು ಕಾಣುವಳು. ಆ ಗಾಲಿಯ ರೇಲು ಹೇಗೂ ಓಡಿತೆಂಬುದನ್ನೂ ಕಾಣುವಳು.

ವಾಚಕಭಗಿನಿಯರೇ, ನಾಗಪಂಚಮಿಗೋ ದೀಪಾವಳಿಗೋ ಕ್ರಿಸ್ಮಸಿಗೋ ನೀವು ತವರಿಗೆ ಹೋಗುವಿರಷ್ಟೆ. ಈ ಸಾರೆ ಹೋದಾಗ ಉಂಡೆ ಚಕ್ಕುಲಿಗಳ ಗಡಿಬಿಡಿಯು ತೀರಿದ ಮೇಲೆ ಒಂದು ಮಧ್ಯಾಹ್ನ ಅಟ್ಟದ ಮೇಲಿನ ಕಟ್ಟನ್ನು ಕೆಳಗಿಳಿಸಿರಿ. ವಹಿಯು ಸಿಕ್ಕರೆ ನಿಮ್ಮ ಭಾಗ್ಯ. ಸಿಗದಿದ್ದರೆ ಲಕ್ಷ್ಮಣರ ಕಾಗೆಯನ್ನು ನೆನೆಯಿರಿ. ಅಂದು ನೀವು ಎಡೆಬಿಡದೆ ಬರೆಯುತ್ತಿದ್ದುದು ಏನೆಂಬುದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ನೆನಪಾಗುವದು. ಬಳಿಕ ಮಕ್ಕಳ ದಪ್ತರದಿಂದ ಒಂದು ಬಿಳಿಯ ಹಾಳೆಯನ್ನೂ ಒಂದು ಪೆನಸಿಲನ್ನೂ ಕೇಳಿ ತೆಗೆದುಕೊಳ್ಳಿರಿ. ಬರೆದಾದ ಮೇಲೆ ಕೆಳಗೆ ತಿಥಿಯನ್ನು ಹಾಕಲು ಮರೆಯಬೇಡಿರಿ. ಮುಂದೆ ಅದನ್ನು ಹುಡುಕಿ ಬರುವವರು ನಿಮ್ಮ ಮಕ್ಕಳಾಗಿರಬಹುದು, ನೀವೇ ಆಗಿರಲೂಬಹುದು.